ಮೊದ್ಲ ತೊಳೀರಿ, ಆಮ್ಯಾಲ ತಿರುವ್ರಿ

ನಮಸ್ಕಾರ್ರಿ ಎಲ್ಲಾರಿಗೂ. ಹಳೇ ಮೋಟಾರ್‌ಸೈಕಲ್ಲಿನ ಕಾರ್ಬೊರೇಟರ್, ಅಂದ್ರ ಪೆಟ್ರೋಲ್ ಗಾಳಿ ಕೂಡಿಸಿ ಇಂಜಿನ್ನಿಗೆ ಕೊಡೋ ಭಾಗ, ಅದರ ಬಗ್ಗೆ ಮಾತಾಡ್ರಿ ಅಂತ ಈ ಸ್ಟುಡಿಯೋಕ್ಕ ಕರದಾರ, ಮಾತಾಡ್ತೀನಿ. ನಂದು ಪುಣೇದಾಗ ನಾನಾ ಪೇಟದ ಸನೇಕ ಸಣ್ಣ ಗ್ಯಾರೇಜ್ ಐತಿ, ಊರು ಗದಗ ಕಡೆ. ಮೂವತ್ತ ವರ್ಷದ ಮ್ಯಾಲಾತು ಇದ ಕೆಲಸ. ಮಾತಾಡಾಕ ಬರಂಗಿಲ್ಲ, ಬಿಚ್ಚಾಕ ಬರತೈತಿ, ಹಂಗಾಗಿ ತಪ್ಪಾದ್ರ ಹೊಟ್ಟ್ಯಾಗ ಹಾಕ್ಕೋರಿ.

ಇದನ್ನ ಕೇಳಾಕತ್ತವ್ರು ಯಾರು ಅಂತ ನನಗ ಅಂದಾಜೈತಿ. ಕೋಥ್ರೂಡೋ ಪಿಂಪ್ರಿನೋ, ಸೊಸೈಟಿ ಪಾರ್ಕಿಂಗಿನ ಮೂಲ್ಯಾಗ ಅಪ್ಪನ ಯೆಜ್ಡಿ ನಿಂತೈತಿ, ಮ್ಯಾಲ ಕವರ್, ಕವರ್ ಮ್ಯಾಲ ಪಾರಿವಾಳದ ಹೊಲಸು. ರವಿವಾರ ಮುಂಜಾನೆ ಕವರ್ ತಗದು ಇಪ್ಪತ್ತ ಕಿಕ್ ಹೊಡೀತೀರಿ, ಚಾಲೂ ಆಗಂಗಿಲ್ಲ, ಆಗ ಒಳಗ ಹೋಗಿ ಸ್ಕ್ರೂಡ್ರೈವರ್ ತರ್ತೀರಿ ನೋಡ್ರಿ, ಅಲ್ಲೇ ನಿಲ್ರಿ. ಆ ಸ್ಕ್ರೂಡ್ರೈವರ್ ಕೆಳಗಿಡ್ರಿ. ನಾ ಇವತ್ತ ಬಂದದ್ದ ಇದೊಂದ ಮಾತು ಹೇಳಾಕ: ಮೊದ್ಲ ತೊಳೀರಿ, ಆಮ್ಯಾಲ ತಿರುವ್ರಿ. ಕಾರ್ಬೊರೇಟರ್ ಹೊರಗ ಕಾಣೋ ಆ ಹಿತ್ತಾಳಿ ಸ್ಕ್ರೂ ಐತೆಲ್ಲ, ಅದು ಕಟ್ಟಕಡೀ ಕೆಲಸ, ಮೊದಲನೇದಲ್ಲ.

ಮಂದಿ ತಪ್ಪೂ ಪೂರಾ ಅಲ್ಲ. 2020ರ ಏಪ್ರಿಲ್‌ದಾಗ ಬಿಎಸ್-6 ಅನ್ನೋ ಹೊಗಿ ನಿಯಮ ಬಂತು, ಹೊಸಾ ಗಾಡಿಗೋಳು ಹತ್ರಹತ್ರ ಎಲ್ಲಾ ಫ್ಯೂಯಲ್ ಇಂಜೆಕ್ಷನ್ ಆದ್ವು, ಕಾರ್ಬೊರೇಟರ್ ಹೋತು. ಈಗಿನ ಹುಡುಗ್ರಿಗೆ ಲ್ಯಾಪ್‌ಟಾಪ್ ಹಚ್ಚಿ ಸೆನ್ಸರ್ ಓದಾಕ ಬರತೈತಿ, ಶಾಣ್ಯಾ ಹುಡುಗ್ರು, ಆದ್ರ ಕಾರ್ಬೊರೇಟರ್ ಒಳಗ ತೇಲಿ ಪೆಟ್ರೋಲ್ ಮಟ್ಟ ಕಾಯೋ ಫ್ಲೋಟ್ ಕೈಯಾಗ ಕೊಟ್ರ ಇದೇನ್ ಕಾಕಾ ಅಂತ ಕೇಳ್ತಾರ. ಹಂಗಾಗಿ ಹಳೇ ಗಾಡಿ ಹೋತಂದ್ರ ಎಲ್ಲಾರೂ ಹೊರಗ ಕಂಡ ಸ್ಕ್ರೂ ಒಂದ ತಿರುವಿ ಕಳಿಸ್ತಾರ.

ಕಾರ್ಬೊರೇಟರ್ ಮಾಡೋದೇನು? ರೊಟ್ಟಿ ಹಿಟ್ಟು ನಾದಿದಂಗ ರೀ. ನೀರು ಹೆಚ್ಚಾದ್ರ ಕೈಗೆ ಅಂಟತೈತಿ, ಕಡಿಮಿ ಆದ್ರ ಬಡಿವಾಗ ಸೀಳತೈತಿ. ಇಲ್ಲಿ ಪೆಟ್ರೋಲ್ ಮತ್ತ ಗಾಳಿ, ತೂಕದಾಗ ಒಂದಕ್ಕ ಸುಮಾರು 15. ಒಂದ್ ಲೀಟರ್ ಪೆಟ್ರೋಲ್ ಸುಡಾಕ ಹತ್ರಹತ್ರ 9,000 ಲೀಟರ್ ಗಾಳಿ ಬೇಕು, ವಿಚಾರ ಮಾಡ್ರಿ. ಗಾಳಿ ಸಣ್ಣ ಸಂದ್ಯಾಗ ಹಾಯುವಾಗ ಜೋರಾಗಿ ಓಡತೈತಿ, ಅಲ್ಲಿ ಒತ್ತಡ ಇಳೀತೈತಿ, ಕೆಳಗಿನ ಕಟೋರ್ಯಾಗಿನ ಪೆಟ್ರೋಲ್ ತಾನಾಗೇ ಮ್ಯಾಲೇರತೈತಿ. ಪಂಪಿಲ್ಲ, ವಾಯರಿಲ್ಲ. ಇದನ್ನ ಕಂಡುಹಿಡದವಗ ಕೈಮುಗೀಬೇಕು ಅನಸತೈತಿ ನನಗ, ಈಗಲೂ.

ಪೆಟ್ರೋಲಿಗೆ ಒಳಗ ಮೂರು ದಾರಿ ಅದಾವ. ಗಾಡಿ ನಿಂತಲ್ಲೆ ಗುಡುಗುಡು ಅನ್ನುವಾಗ, ಆಕ್ಸಿಲೇಟರ್ ಒಂದ್ ಪಾವು ತಿರುವೋತನಾ, ಪೈಲಟ್ ಜೆಟ್. ಜೆಟ್ ಅಂದ್ರ ಸಣ್ಣ ತೂತಿದ್ದ ಹಿತ್ತಾಳಿ ತುಣುಕು. ನಡುವ ಉದ್ದ ಸೂಜಿ. ಪೂರಾ ತಿರುವಿದಾಗ ಮೇನ್ ಜೆಟ್. ನೀವು ತಿರುವೋ ಸ್ಕ್ರೂ ಸಂಬಂಧ ಬರೋದು ಮೊದಲನೇ ದಾರಿಗೆ ಅಷ್ಟ. ಗಾಡಿ 60ರ ಮ್ಯಾಲ ಎಳ್ಯಂಗಿಲ್ಲ ಅಂತ ಆ ಸ್ಕ್ರೂ ತಿರುವೋದು ಅಂದ್ರ ಹಲ್ಲು ನೋವಿಗೆ ಮೊಣಕಾಲಿಗೆ ಮುಲಾಮು ಹಚ್ಚಿದಂಗ.

ಗಾಡಿ ನಿಂತು ನಿಂತು ಕಟೋರ್ಯಾಗಿನ ಪೆಟ್ರೋಲ್ ಆರಿ ಹೋಗತೈತಿ, ತಳದಾಗ ಜೋನಿಬೆಲ್ಲದಂಗ ಅಂಟು ಉಳೀತೈತಿ. ಪೈಲಟ್ ಜೆಟ್ಟಿನ ತೂತು ಭಾಳ ಸಣ್ಣದಿರತೈತಿ, ಮೊದ್ಲ ಮುಚ್ಚೋದ ಅದು. ತೂತು ಮುಚ್ಚಿದ ಮ್ಯಾಲ ಹೊರಗ ಸ್ಕ್ರೂ ಎಷ್ಟ ತಿರುವಿದ್ರೇನು?

ಒಂದ್ ಕತಿ ಹೇಳ್ತೀನಿ. ಒಬ್ರು ರಿಟೈರ್ ಆದ ಮಾಸ್ತರು, ನಮ್ಮ ವಿಜಾಪುರ ಕಡೆಯವ್ರು, ಇಲ್ಲೇ ಕೋಥ್ರೂಡದಾಗ ಮನಿ. ಅವರ ಹತ್ರ ರಾಜದೂತ್ 350 ಇತ್ತು. ಆರ್‌ಡಿ ಅಂತೀವಲ್ಲ, ಅದು. ಯಮಾಹಾದ ಗಾಡಿ, 1983ರಿಂದ ಫರೀದಾಬಾದಿನ ಎಸ್ಕಾರ್ಟ್ಸ್‌ದವ್ರು ಇಲ್ಲಿ ಮಾಡಿದ್ರು, 347 ಸಿಸಿ, ಟೂ-ಸ್ಟ್ರೋಕ್, ಅದರ ಹೈ ಟಾರ್ಕ್ ಅನ್ನೋ ಮಾಡೆಲ್ಲಿಗೆ 30.5 ಬಿಎಚ್‌ಪಿ ಶಕ್ತಿ. ಆಗಿನ ಕಾಲಕ್ಕ ಅದು ಗಾಡಿ ಅಲ್ಲ, ಹೋರಿ. ಎರಡು ಸಿಲಿಂಡರ್, ಹಂಗಾಗಿ ಎರಡು ಕಾರ್ಬೊರೇಟರ್. ತ್ರಾಸೂ ಎರಡ್ ಪಟ್ಟು.

ಮಾಸ್ತರು ಫೋನ್ ಮಾಡಿ, ಮೂರು ವರ್ಷದಿಂದ ಎಡಗಡೆ ಸಿಲಿಂಡರ್ ಮಿಸ್ಸಿಂಗ್ ಐತಿ, ನಡುನಡುವ ಉರ್ಯಂಗಿಲ್ಲ, ನೀವೇ ಮನಿಗೆ ಬರ್ರಿ ಅಂದ್ರು. ಹೋದೆ. ಗಾಡಿ ಒರಸಿ ಫಳಫಳ ಇಟ್ಟಿದ್ರು. ನಾ ಪಾನಾ ತಗಿಯೋಕಿಂತ ಮೊದ್ಲ ಅವರು ಒಂದ್ ಡೈರಿ ತಗದ್ರು. ಮೂರು ವರ್ಷ, ಪ್ರತಿ ರವಿವಾರ ಯಾವ ಸ್ಕ್ರೂ ಎಷ್ಟ ಸುತ್ತು ತಿರುವಿದೆ, ಎಲ್ಲೀ ತನಕ ಹೋಗಿ ಬಂದೆ, ಏನಾತು, ಎಲ್ಲಾ ಬರದಾರ. ಅಕ್ಷರ ಅಂದ್ರ ಮುತ್ತು. "ಎಡ: ಒಂದೂವರೆ ಸುತ್ತು. ಬಲ: ಒಂದೂವರೆ. ಕಾತ್ರಜ್ ಘಾಟಿನವರೆಗೆ. ಎಡದ್ದು ಗಮನ ಸಾಲದು." ಮುಂದಿನ ವಾರ "ಎಡ: ಎರಡು ಸುತ್ತು. ಸುಧಾರಣೆ ಇದೆ." ಅದರ ಮುಂದ "ಎಡ: ಎರಡೂವರೆ. ಮತ್ತೆ ಅದೇ ಚಾಳಿ." ಸಾಲೀ ಹುಡುಗ್ರಿಗೆ ಷರಾ ಬರದಂಗ ರೀ! ನನಗ ನಗು ಬಂತು, ತಡಕೊಂಡೆ, ಯಾಕಂದ್ರ ಅಷ್ಟು ಕಾಳಜಿಲೆ ಗಾಡಿ ನೋಡಿದವ್ರನ್ನ ನಾ ಕಂಡೇ ಇಲ್ಲ.

ಎಡಗಡೆ ಕಿಡಿ ಕೊಡೋ ಪ್ಲಗ್ ತಗದ್ರ ಕಾಡಿಗಿ ಹಚ್ಚಿದಂಗ ಕರ್ರಗ, ಹಸಿ, ಅಂದ್ರ ಪೆಟ್ರೋಲ್ ಹೆಚ್ಚಾಗೈತಿ. ಬಲಗಡೇದು ಕಾಫಿಪುಡಿ ಬಣ್ಣ, ಹಂಗ ಇರಬೇಕು ಅದು. ಬೆಳ್ಳಗಿದ್ರ ಪೆಟ್ರೋಲ್ ಸಾಲವಲ್ದು ಅಂತ ಅರ್ಥ, ಟೂ-ಸ್ಟ್ರೋಕಿನ್ಯಾಗ ಹಂಗ ಓಡಿಸಿದ್ರ ಪಿಸ್ಟನ್ ಕಾದು ಸಿಲಿಂಡರಿನ್ಯಾಗ ಹಿಡಕೊಂತೈತಿ, ಹುಷಾರ್. ಮಾಸ್ತರು ಪ್ಲಗ್ ಅದಲುಬದಲು ಮಾಡಿ ನೋಡಿದ್ರು, ಕಾಯಿಲ್ ಬದಲಿ ಮಾಡಿದ್ರು, ಪ್ಲಗ್ಗಿಗೆ ಕಿಡಿ ಕಳಸೋ ಪಾಯಿಂಟಿನ ಗ್ಯಾಪ್ ಹಿಡದ್ರು. ಎಲ್ಲಾ ಸರಿಯಾದ ಕೆಲಸಾನೇ, ಅರ್ಧ ಕಾರ್ಬೊರೇಟರ್ ತ್ರಾಸು ಪಾಯಿಂಟಿನ್ಯಾಗ ಅಡಗಿರತೈತಿ. ಆದ್ರ ರೋಗ ಎಡಗಡೆ ಬಿಟ್ಟು ಕದಲಲಿಲ್ಲ. ಎಡಗಡೆ ಗಾಳಿ ಸ್ಕ್ರೂ, ಆ ಹೊರಗಿನ ಹಿತ್ತಾಳಿ ಸ್ಕ್ರೂನ, ನೋಡಿದೆ, ಮೂರು ಸುತ್ತು ಹೊರಗ ಬಂದೈತಿ, ಇನ್ನೊಂಚೂರ ಆದ್ರ ಕಾತ್ರಜ್‌ದಾಗ ಉದುರತಿತ್ತು. ಅಲ್ಲೇ ನನಗ ಗೊತ್ತಾತು. ಈ ಸ್ಕ್ರೂ ಬಿಚ್ಚಿದಷ್ಟು ಗಾಳಿ ಹೆಚ್ಚು, ಪೆಟ್ರೋಲ್ ಕಡಿಮಿ. ಈ ಗಾಡ್ಯಾಗ ಅದು ಸಾಮಾನ್ಯ ಒಂದೂವರೆ ಸುತ್ತಿನ್ಯಾಗ ಇರಬೇಕು. ಮೂರು ಸುತ್ತು ಬಿಚ್ಚಿದ್ರೂ ಪೆಟ್ರೋಲ್ ಹೆಚ್ಚಾಗತೈತಿ ಅಂದ್ರ ಒಳಗ ಪೈಲಟ್ ಜೆಟ್ ದೊಡ್ಡದಾಗೈತಿ. ಪೂರಾ ಒಳಗ ತಿರುವಿದಾಗ ಮಾತ್ರ ಗಾಡಿ ಚಲೋ ಓಡತೈತಿ ಅಂದ್ರ ಜೆಟ್ ಸಣ್ಣದು, ಇಲ್ಲಾ ಕಸ ಸಿಕ್ಕೈತಿ.

ಬಿಚ್ಚಿದೆ. ಕಟೋರಿ ತಗದು ಎಡಗಡೆ ಪೈಲಟ್ ಜೆಟ್ ಕೈಯಾಗ ಹಿಡದು ಟ್ಯೂಬ್‌ಲೈಟಿಗೆ ಅಡ್ಡ ಹಿಡದೆ. ಕಸ ಇಲ್ಲ. ಆದ್ರ ಬೆಳಕು ಗುಂಡಗ ಕಾಣವಲ್ದು, ಅಕ್ಕಿಕಾಳಿನಂಗ ಉದ್ದುದ್ದ ಕಾಣಾಕತ್ತೈತಿ. ಬಲಗಡೇದು ಹಿಡದೆ, ಚುಕ್ಕಿ ಇಟ್ಟಂಗ ಗುಂಡು. ಮಾಸ್ತರ್, ಇದರಾಗ ಯಾರೋ ಏನೋ ಹಾಕ್ಯಾರ್ರೀ ಅಂದೆ. ಸಾಧ್ಯಾನೇ ಇಲ್ಲ, ನನ್ನ ಬಿಟ್ಟು ಯಾರೂ ಮುಟ್ಟಿಲ್ಲ, ಡೈರಿ ನೋಡ್ರಿ ಅಂದ್ರು. ಅಷ್ಟರಾಗ ಮಾಸ್ತರ ಹೆಂಡ್ತಿ, ಅಕ್ಕಾರು, ಚಾ, ಚೂಡಾ ತಂದ್ರು. ನನ್ನ ಕೈಯಾಗಿನ ಜೆಟ್ ನೋಡಿ ಅಂದ್ರು: "ಹೌದಲ್ರೀ, ಗಾಡಿ ತಂದ ವಾರಾನ ನನ್ನ ಸೀರಿ ಪಿನ್ನು ಒಯ್ದಿದ್ರಿ, ಹೊಳ್ಳಿ ಕೊಟ್ಟೇ ಇಲ್ಲ."

ಮಾಸ್ತರು ಡೈರಿ ಮುಚ್ಚಿದ್ರು.

ಏನಾಗಿತ್ತು ಅಂದ್ರ, ಮೊದಲನೇ ರವಿವಾರ ಜೆಟ್ಟಿನ್ಯಾಗ ಕಸ ಐತಿ ಅಂತ ಪಿನ್ನು ಹಾಕಿ ತಿರುವ್ಯಾರ. ಡೈರಿ ಚಾಲೂ ಆದದ್ದು ಎರಡನೇ ರವಿವಾರ. ಜೆಟ್ಟು ಹಿತ್ತಾಳಿ, ಮೆತ್ತಗ, ಪಿನ್ನು ಉಕ್ಕು. ತೂತು ಹತ್ತರಾಗ ಒಂದ್ ಪಾಲು ಅಗಲ ಆದ್ರ ಸಾಕು, ಪೆಟ್ರೋಲ್ ಹಾಯೋ ಜಾಗ ನೂರಕ್ಕ 21 ಹೆಚ್ಚಾಗತೈತಿ, ಲೆಕ್ಕ ಮಾಡಿ ನೋಡ್ರಿ, ಮಾಸ್ತರು ಅಲ್ಲೇ ಮಾಡಿದ್ರು. ನಾನಾ ಪೇಟದಿಂದ ಅದ ನಂಬರಿನ ಹೊಸಾ ಜೆಟ್ ತಂದು ಹಾಕಿದೆ, ಎರಡೂ ಸ್ಕ್ರೂ ಒಂದೂವರೆ ಸುತ್ತಿಗೆ ಇಟ್ಟೆ, ಎರಡನೇ ಕಿಕ್ಕಿಗೆ ಚಾಲೂ. ಮಾಸ್ತರು ಅವತ್ತ ಡೈರ್‍ಯಾಗ ಬರದದ್ದು ಒಂದ ಸಾಲು: "ಎಡ: ಉತ್ತೀರ್ಣ."

ಕತಿ ಉದ್ದಾತು, ಗಾಜಿನ ಆಕಡೆಯಿಂದ ಕೈ ಮಾಡಾಕತ್ತಾರ, ಲಗೂ ಲಗೂ ಹೇಳಿ ಮುಗಸ್ತೀನಿ.

ತೊಳಿಯೋದು ಹ್ಯಾಂಗ? ಪೆಟ್ರೋಲ್ ಕಾಕ್, ಅಂದ್ರ ಟ್ಯಾಂಕಿನ ಕೆಳಗಿನ ನಳ, ಬಂದ್ ಮಾಡಿ ಕಾರ್ಬೊರೇಟರ್ ಇಳಸ್ರಿ. ಬಿಚ್ಚೋ ಮುಂಚೆ ಮೊಬೈಲಿನ್ಯಾಗ ಫೋಟೋ ಹೊಡ್ಕೋರಿ. ಕಟೋರಿ ಸ್ಕ್ರೂದ ತಲಿ ಮೆತ್ತಗಿರತಾವ, ಬರೋಬ್ಬರಿ ಕೂಡೋ ಸ್ಕ್ರೂಡ್ರೈವರ್ ಇಟ್ಟು ಮ್ಯಾಲಿಂದ ಒಂದ್ ಏಟು ಹಾಕಿ ಆಮ್ಯಾಲ ತಿರುವ್ರಿ, ಇಲ್ಲಾಂದ್ರ ತಲಿ ಸವದು ಹೋಗತೈತಿ. ಗಾಳಿ ಸ್ಕ್ರೂ ಬಿಚ್ಚುವಾಗ ಮೊದ್ಲ ಒಳಗ ಮೆಲ್ಲಕ ಕೂಡೋತನಾ ತಿರುವಿ ಎಷ್ಟ ಸುತ್ತು ಅಂತ ಎಣಿಸ್ರಿ, ಬರದಿಡ್ರಿ. ರಬ್ಬರಿಂದು ಎಲ್ಲಾ ತಗದು ಬಾಜೂಕಿಟ್ಟು, ಉಳದದ್ದು ಕಾರ್ಬ್ ಕ್ಲೀನರಿನ್ಯಾಗ ರಾತ್ರಿಪೂರ್ತಿ ನೆನಸ್ರಿ. ಪಂಕ್ಚರ್ ಅಂಗಡಿ ಕಂಪ್ರೆಸರ್ ಗಾಳಿ ಪ್ರತಿಯೊಂದ್ ತೂತಿಗೂ ಹೊಡೀರಿ, ಕಣ್ಣು ಮುಚ್ಚೋ ಗಾಗಲ್ ಏನರ ಹಾಕ್ಕೋರಿ ಮತ್ತ. ಆದ್ರೂ ಬರಲಿಲ್ಲಂದ್ರ ಚಾಳೀಸ ಅಂದ್ರ ಕನ್ನಡಕದ ಅಂಗಡ್ಯಾಗ ನಡುಗಿಸಿ ತೊಳಿಯೋ ಅಲ್ಟ್ರಾಸೋನಿಕ್ ಮಷೀನ್ ಇರತೈತಿ, ನಕ್ಕೋತ ಕೇಳಿದ್ರ ಹತ್ತ ನಿಮಿಷ ಕೊಡ್ತಾರ. ಭಾಳ ಮೊಂಡ ಕಸ ಇದ್ರ ಬ್ರಶ್ಶಿನ ನೈಲಾನ್ ಎಳಿ ಒಂದ ಹಾಕ್ರಿ. ಪಿನ್ನು ಬ್ಯಾಡ. ಸೂಜಿ ಬ್ಯಾಡ. ಗಿಟಾರಿನ ತಂತಿನೂ ಬ್ಯಾಡ್ರಿ, ಅದೂ ಉಕ್ಕ.

ಫ್ಲೋಟ್ ಕಿವಿ ಹತ್ರ ಹಿಡದು ಅಲುಗಾಡಿಸ್ರಿ, ಒಳಗ ಪೆಟ್ರೋಲ್ ಸಪ್ಪಳ ಬಂದ್ರ ತೂತಾಗೈತಿ. ಬಿಸಿನೀರಾಗ ಮುಳಗಿಸ್ರಿ, ಗುಳ್ಳಿ ಬಂದಲ್ಲೇ ತೂತು. ತೂತಿಗೆ ಬೆಸುಗೆ ಹಾಕೋದಿದ್ರ, ಒಳಗಿನ ಪೆಟ್ರೋಲ್ ಪೂರಾ ಹೋಗೋತನಾ ಸೋಲ್ಡರಿಂಗ್ ಐರನ್ ಹತ್ರಾನೂ ತರಬ್ಯಾಡ್ರಿ, ಢಂ ಅಂತೈತಿ. ಫ್ಲೋಟಿನ ಸೂಜಿ ತುದೀಗೆ ಉಂಗುರದಂಗ ಗೆರಿ ಬಿದ್ದಿದ್ರ ಓವರ್‌ಫ್ಲೋ ಅಲ್ಲಿಂದನ, ಬದಲಿ ಮಾಡ್ರಿ.

ಉದ್ದ ಸೂಜಿದು ಎಲ್ಲಾರೂ ಉಲ್ಟಾ ಮಾಡ್ತಾರ. ಸೂಜಿ ತಲಿಗೆ ಗೆರಿ ಅದಾವ, ಒಂದರಾಗ ಕ್ಲಿಪ್ ಕೂಡತೈತಿ. ಮ್ಯಾಲಿನ ಗೆರಿಗೆ ಕ್ಲಿಪ್ ಸರಿಸಿದ್ರ ಸೂಜಿ ಕೆಳಗ ಇಳೀತೈತಿ, ಪೆಟ್ರೋಲ್ ಕಡಿಮಿ ಆಗತೈತಿ. ಕ್ಲಿಪ್ ಕೆಳಗ ತಂದ್ರ ಸೂಜಿ ಮ್ಯಾಲ, ಪೆಟ್ರೋಲ್ ಹೆಚ್ಚು. ಒಂದ್ ಸಲಕ್ಕ ಒಂದ ಗೆರಿ ಸರಿಸ್ರಿ.

ಎರಡು ಕಾರ್ಬೊರೇಟರ್ ಇದ್ದವ್ರಿಗೆ: ಏರ್ ಫಿಲ್ಟರ್ ತಗದು ಎರಡೂ ಬಾಯಾಗ ಒಂದೊಂದ್ ಬೆರಳಿಟ್ಟು ಗಾಳಿ ದಾರಿ ತಗದು ಮುಚ್ಚೋ ಸ್ಲೈಡ್ ಮುಟ್ರಿ, ಇನ್ನೊಬ್ಬರಿಗೆ ಆಕ್ಸಿಲೇಟರ್ ಮೆಲ್ಲಕ ತಿರುವಾಕ ಹೇಳ್ರಿ, ಇಂಜಿನ್ ಬಂದ್ ಇರಬೇಕು. ಎರಡೂ ಸ್ಲೈಡ್ ಒಂದ ಸಲ ಏಳಬೇಕು. ಒಂದು ಮುಂದ ಒಂದು ಹಿಂದ ಎದ್ರ ಕೇಬಲ್ ಅಡ್ಜಸ್ಟರ್ ತಿರುವಿ ಸರಿ ಮಾಡ್ರಿ. ಮೀಟರ್ ಬೇಕಾಗಿಲ್ಲ, ಬೆರಳ ಸಾಕು. ಜೋಡೆತ್ತು ನಡದಂಗ, ಒಂದ್ ಎತ್ತು ಹಿಂದ ಉಳದ್ರ ಬಂಡಿ ಸೊಟ್ಟ.

ಕಡೀಗೆ ಗಾಡಿ ಹತ್ತ ನಿಮಿಷ ಓಡಿಸಿ ಕಾಸಿ, ಆಗ, ಆಗ ಮಾತ್ರ, ಸ್ಕ್ರೂ ಹಿಡೀರಿ. ಪಾವ ಪಾವ ಸುತ್ತು ತಿರುವಿ, ಇಂಜಿನ್ ಎಲ್ಲಿ ಜೋರ ಆಗತೈತಿ ಅಲ್ಲಿ ಬಿಟ್ಟು, ಐಡ್ಲಿಂಗ್, ಅಂದ್ರ ನಿಂತಲ್ಲೆ ಓಡೋ ವೇಗ, ಇಳಿಸಿಬಿಡ್ರಿ. ಎರಡ್ ನಿಮಿಷದ ಕೆಲಸ.

ಈಗಿನ ಇ20, ಅಂದ್ರ ನೂರಕ್ಕ 20 ಪಾಲು ಎಥೆನಾಲ್ ಕೂಡಿಸಿದ ಪೆಟ್ರೋಲ್ ಬಗ್ಗೆ ಎಲ್ಲಾರೂ ಕೇಳ್ತಾರ. ಎಥೆನಾಲ್ ನೀರು ಎಳ್ಕೊಂತೈತಿ, ಆ ನೀರು ಕಟೋರಿ ತಳಕ್ಕ ಕೂಡತೈತಿ, ಒಳಗೆಲ್ಲಾ ಬೆಳ್ಳಗ ಸುಣ್ಣ ಹಿಡದಂಗ ಆಗತೈತಿ, ಹಳೇ ರಬ್ಬರ್ ಉಬ್ಬತಾವ. ರಬ್ಬರ್ ಬದಲಿಸ್ರಿ. ಪ್ಲಗ್ ಬೆಳ್ಳಗ ಬರಾಕತ್ರ ಮೇನ್ ಜೆಟ್ ಒಂದ್ ನಂಬರ್ ದೊಡ್ಡದು ಹಾಕ್ರಿ, ಅದೂ ತೊಳದ ಮ್ಯಾಲ.

ಇನ್ನೊಂದ, ಮುಗೀತು. ಮಿರಗದ ಮಳಿ ಚಾಲೂ ಆತಂದ್ರ ನೀವು ಗಾಡಿ ತಗಿಯಂಗಿಲ್ಲ, ಗಣಪ್ಪನ ತನಕ ಮೂಲ್ಯಾಗ ನಿಲ್ಲಿಸ್ತೀರಿ. ಕಾಕ್ ಬಂದ್ ಮಾಡ್ರಿ, ಕಟೋರಿ ಕೆಳಗಿನ ಡ್ರೇನ್ ಸ್ಕ್ರೂ ಬಿಚ್ಚಿ ಪೆಟ್ರೋಲ್ ಒಂದ್ ಬಾಟಲಿಗೆ ಬಸೀರಿ, ಸ್ಕ್ರೂ ಹೊಳ್ಳಿ ಹಾಕ್ರಿ. ಕೆಲವ್ರು ಕಾಕ್ ಬಂದ್ ಮಾಡಿ ಗಾಡಿ ತಾನಾಗೇ ನಿಲ್ಲೋತನಾ ಓಡಸ್ತಾರ, ಆದ್ರ ಹಳೇ ಯೆಜ್ಡಿಯಂಥ ಟೂ-ಸ್ಟ್ರೋಕ್ ಗಾಡ್ಯಾಗ ಆಯಿಲ್ ಪೆಟ್ರೋಲಿನ್ಯಾಗ ಕೂಡೇ ಇರತೈತಿ, ಪೆಟ್ರೋಲ್ ತೀರಿದಂಗ ಆಯಿಲೂ ತೀರತೈತಿ, ಅದು ಬ್ಯಾಡ್ರಿ. ಬಸದ ಪೆಟ್ರೋಲ್ ಬಾಟಲಿ ಮ್ಯಾಲ ಹೆಸರು ಬರದು ಅಡಿಗಿಮನಿಯಿಂದ ದೂರ ಇಡ್ರಿ. ನಮಸ್ಕಾರ್ರಿ.