ಸ್ಟಾರ್ ಎಣಿಸಿದರೆ ಕಪ್ ಬರುತ್ತದಾ?

ಕೇಳುಗರಿಗೆ ನಮಸ್ಕಾರ.

ಅಮೆರಿಕದಲ್ಲಿ ಓದುತ್ತಿರುವ ನಿಮ್ಮ ಮಗನೋ ಮಗಳೋ ಶನಿವಾರ ರಾತ್ರಿ ಫೋನ್ ಎತ್ತಲಿಲ್ಲ ಅಂದರೆ ಗಾಬರಿ ಬೇಡ. ಅಲ್ಲಿ ಆಗ ಹಗಲು. ಸೆಪ್ಟೆಂಬರ್‌ನಿಂದ ಚಳಿಗಾಲದವರೆಗೆ ಶನಿವಾರ ಬಂತೆಂದರೆ ಕಾಲೇಜು ಫುಟ್‌ಬಾಲ್. ಹೆಲ್ಮೆಟ್ ಹಾಕಿಕೊಂಡು, ಉದ್ದನೆಯ ಚೆಂಡು ಹಿಡಿದು, ಒಬ್ಬರ ಮೇಲೊಬ್ಬರು ಬೀಳುವ ಅಮೆರಿಕನ್ ಫುಟ್‌ಬಾಲ್. ಮಿಶಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂ ಒಂದರಲ್ಲೇ ಲಕ್ಷಕ್ಕೂ ಜಾಸ್ತಿ ಜನ ಕೂರುತ್ತಾರೆ.

ಆಟದಷ್ಟೇ ದೊಡ್ಡ ಹುಚ್ಚು ಇನ್ನೊಂದಿದೆ. ಮುಂದಿನ ವರ್ಷ ಯಾವ ಹೈಸ್ಕೂಲ್ ಹುಡುಗ ಯಾವ ಕಾಲೇಜು ಸೇರುತ್ತಾನೆ ಅನ್ನುವ ಹುಚ್ಚು. ಇದಕ್ಕೆ ರಿಕ್ರೂಟಿಂಗ್ ಅನ್ನುತ್ತಾರೆ. ರೈವಲ್ಸ್, 247 ಸ್ಪೋರ್ಟ್ಸ್, ಇಎಸ್‌ಪಿಎನ್ ಮುಂತಾದ ಸಂಸ್ಥೆಗಳು ಈ ಹುಡುಗರ ಆಟದ ವಿಡಿಯೊ ನೋಡುತ್ತವೆ. ಎತ್ತರ, ತೂಕ, ಓಟದ ವೇಗ ಎಲ್ಲ ಲೆಕ್ಕ ಹಾಕಿ ಎರಡರಿಂದ ಐದರವರೆಗೆ ಸ್ಟಾರ್ ಕೊಡುತ್ತವೆ. ಫೈವ್ ಸ್ಟಾರ್ ಸಿಗುವವರು ವರ್ಷಕ್ಕೆ ದೇಶಕ್ಕೆಲ್ಲ ಮೂವತ್ತು ಚಿಲ್ಲರೆ ಹುಡುಗರು. ಯಾವ ಕಾಲೇಜು ಎಷ್ಟು ಸ್ಟಾರ್ ಗುಡ್ಡೆ ಹಾಕಿಕೊಂಡಿತು ಅಂತ ಕೂಡಿಸಿದರೆ ಕಾಲೇಜುಗಳ ರ‍್ಯಾಂಕಿಂಗ್ ಸಿದ್ಧ.

ಹದಿನೇಳು ವರ್ಷದ ಹುಡುಗನಿಗೆ ಸ್ಟಾರ್ ಕೊಡುವುದು ಸುಮ್ನೆ ತಮಾಷೆ ಅಂತ ನಿಮಗೆ ಅನಿಸಬಹುದು. ಆದರೆ ಗೆದ್ದವರ ಪಟ್ಟಿ ನೋಡಿ. ಅಲಬಾಮಾದಲ್ಲಿ ನಿಕ್ ಸೇಬನ್ ಅನ್ನುವ ಕೋಚ್ ಇದ್ದರು. 2011ರಿಂದ 2017ರವರೆಗೆ ಪ್ರತಿ ವರ್ಷ 247 ಸ್ಪೋರ್ಟ್ಸ್‌ನ ಒಟ್ಟು ಪಟ್ಟಿಯಲ್ಲಿ ಮೊದಲ ಸ್ಥಾನ ಅವರದೇ. ಅಲಬಾಮಾದಲ್ಲಿದ್ದ 17 ಸೀಸನ್‌ಗಳಲ್ಲಿ ಅವರು 6 ರಾಷ್ಟ್ರೀಯ ಚಾಂಪಿಯನ್‌ಶಿಪ್ ಗೆದ್ದರು. ಇದು ಕಾಕತಾಳೀಯ ಅಲ್ಲ, ಅಲ್ವಾ?

ಬಡ್ ಎಲಿಯಟ್ ಅನ್ನುವ ಬರಹಗಾರರು ಇದಕ್ಕೊಂದು ಸುಲಭದ ಲೆಕ್ಕ ಕಟ್ಟಿದರು. ಅದರ ಹೆಸರು ಬ್ಲೂ ಚಿಪ್ ರೇಷಿಯೊ. ಒಂದು ಕಾಲೇಜು ಕಳೆದ ನಾಲ್ಕು ವರ್ಷ ಸೇರಿಸಿಕೊಂಡ ಹೈಸ್ಕೂಲ್ ಹುಡುಗರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಫೋರ್ ಸ್ಟಾರ್ ಅಥವಾ ಫೈವ್ ಸ್ಟಾರ್ ಇದ್ದಾರಾ? ಇದ್ದರೆ ಕಪ್ ಗೆಲ್ಲುವ ಅವಕಾಶ ಉಂಟು. ಇಲ್ಲದಿದ್ದರೆ ಇಲ್ಲ. ಮೇಲಿನ ಹಂತದಲ್ಲಿ 130ಕ್ಕೂ ಹೆಚ್ಚು ಕಾಲೇಜುಗಳು ಆಡುತ್ತವೆ. ಈ ಪರೀಕ್ಷೆ ಪಾಸಾಗುವುದು ಇಪ್ಪತ್ತಕ್ಕೂ ಕಡಿಮೆ. ವರ್ಷಗಟ್ಟಲೆ ಕಪ್ ಎತ್ತಿದ್ದೆಲ್ಲ ಈ ಗುಂಪಿನವರೇ. 2024ರ ಸೀಸನ್ ಗೆದ್ದ ಒಹಾಯೊ ಸ್ಟೇಟ್ ಕೂಡ ಅದೇ ಗುಂಪಿನದು.

ಈ ಗುಂಪಿನ ಹೊರಗಿನವರು ಫೈನಲ್‌ಗೆ ಬಂದರೆ ಏನಾಗುತ್ತದೆ ಅನ್ನುವುದಕ್ಕೆ 2023ರ ಜನವರಿ 9ರ ಪಂದ್ಯ ಸಾಕು. ಟೆಕ್ಸಸ್‌ನ ಟಿಸಿಯು ಅನ್ನುವ ಕಾಲೇಜು ಸೆಮಿಫೈನಲ್‌ನಲ್ಲಿ ಮಿಶಿಗನ್‌ನ್ನು 51–45ರಿಂದ ಸೋಲಿಸಿ ಬಂದಿತ್ತು. ಊರೆಲ್ಲ ಅವರ ಪರ. ಫೈನಲ್‌ನಲ್ಲಿ ಎದುರಾದದ್ದು ಜಾರ್ಜಿಯಾ. ಸ್ಕೋರ್ 65–7. ತಪ್ಪು ಕೇಳಿಸಲಿಲ್ಲ, ಅರವತ್ತೈದು, ಏಳು. ಟಿಸಿಯು ಹುಡುಗರಿಗೆ ಧೈರ್ಯ ಕಮ್ಮಿ ಇರಲಿಲ್ಲ. ಆದರೆ ಈ ಆಟದಲ್ಲಿ ಒಂದು ಸಲಕ್ಕೆ 11 ಜನ ಆಡಿದರೂ, ದಾಳಿಗೆ ಬೇರೆ, ರಕ್ಷಣೆಗೆ ಬೇರೆ ಪಡೆ ಇರುತ್ತದೆ. ಆಗ ಒಂದು ತಂಡಕ್ಕೆ 85 ಸ್ಕಾಲರ್‌ಶಿಪ್ ಕೊಡಬಹುದಿತ್ತು. ನೂರೈವತ್ತು ಕಿಲೊ ತೂಗುವವರ ಜೊತೆ ಗುದ್ದಾಡಿ ಮೊದಲಿನವ ಸುಸ್ತಾದಾಗ ಒಳಗೆ ಬರುವ ಎರಡನೆಯವನೂ ಅಷ್ಟೇ ಗಟ್ಟಿಗನಾಗಿರಬೇಕು. ಗುದ್ದಾಟ ಹೆಚ್ಚಾದ ಹಾಗೆ ಗಾಯಾಳುಗಳೂ ಹೆಚ್ಚು. ಜಾರ್ಜಿಯಾ ಹತ್ತಿರ ಎರಡನೆಯವನಲ್ಲ, ಮೂರನೆಯವನೂ ತಯಾರಿದ್ದ. ರ‍್ಯಾಂಕಿಂಗ್ ನಿಜಕ್ಕೂ ಅಳೆಯುವುದು ಈ ದಾಸ್ತಾನನ್ನು ಅಂತ ನನ್ನ ಅಭಿಪ್ರಾಯ.

ಅದೇ ಜಾರ್ಜಿಯಾ ತಂಡದೊಳಗೆ ಇಣುಕಿ ನೋಡಿದರೆ ಮಜಾ ಇದೆ. ಸತತ ಎರಡು ಕಪ್ ಗೆದ್ದಾಗ ಅವರ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಸ್ಟೆಟ್ಸನ್ ಬೆನೆಟ್. ಸ್ಕಾಲರ್‌ಶಿಪ್ ಇಲ್ಲದೆ ತಂಡಕ್ಕೆ ಬಂದ ಹುಡುಗ. ಅವಕಾಶ ಸಿಗದೆ ಮಿಸಿಸಿಪ್ಪಿಯ ಒಂದು ಜೂನಿಯರ್ ಕಾಲೇಜಿಗೆ ಹೋಗಿ ಮರಳಿ ಬಂದವನು. ಮೊದಲ ಕಪ್ ಗೆದ್ದ ಮೇಲೆ 2022ರ ಡ್ರಾಫ್ಟ್‌ನ, ಅಂದರೆ ವೃತ್ತಿಪರ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯ, ಮೊದಲ ಸುತ್ತಿನಲ್ಲಿ ಜಾರ್ಜಿಯಾದ ಐವರು ರಕ್ಷಣಾ ಆಟಗಾರರು ಒಟ್ಟಿಗೆ ವೃತ್ತಿಪರ ತಂಡಗಳಿಗೆ ಹೋದರು. ಅವರಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದ ಟ್ರೇವನ್ ವಾಕರ್ ಫೈವ್ ಸ್ಟಾರ್. ಪಕ್ಕದಲ್ಲೇ ಗೋಡೆಯ ಹಾಗೆ ನಿಲ್ಲುತ್ತಿದ್ದ ಜೋರ್ಡನ್ ಡೇವಿಸ್ ತ್ರೀ ಸ್ಟಾರ್. ಗುಂಪಿನ ವಿಷಯದಲ್ಲಿ ಸರಿ ಹೇಳುವ ಪಟ್ಟಿ ಒಬ್ಬೊಬ್ಬ ಹುಡುಗನ ವಿಷಯದಲ್ಲಿ ಆಗಾಗ ಮುಗ್ಗರಿಸುತ್ತದೆ.

ಸ್ಟಾರ್ ಹೇಗೆ ಬರುತ್ತದೆ ಅನ್ನುವುದರಲ್ಲೂ ಒಂದು ಕಿತಾಪತಿ ಇದೆ. ಅಲಬಾಮಾದಂಥ ಕಾಲೇಜು ಒಬ್ಬ ಹುಡುಗನನ್ನು ಕರೆದರೆ, ಪಟ್ಟಿ ಮಾಡುವವರು ಅವನ ವಿಡಿಯೊವನ್ನು ಇನ್ನೊಮ್ಮೆ ನೋಡುತ್ತಾರೆ. ಆಮೇಲೆ ಅವನ ದರ್ಜೆ ಮೇಲೇರುವುದುಂಟು. ಹಾಗಾದರೆ ಸ್ಟಾರ್ ಇರುವವರು ಅಲಬಾಮಾಕ್ಕೆ ಹೋಗುತ್ತಾರೋ, ಅಲಬಾಮಾಕ್ಕೆ ಹೋಗುವವರಿಗೆ ಸ್ಟಾರ್ ಸಿಗುತ್ತದೋ? ಎರಡೂ ಸ್ವಲ್ಪ ಸ್ವಲ್ಪ ನಿಜ.

ಇನ್ನು ಬರೀ ಸ್ಟಾರ್ ನಂಬಿ ಕೂತವರ ಕಥೆ. 2022ರಲ್ಲಿ ಟೆಕ್ಸಸ್ ಎ ಅಂಡ್ ಎಂ ಸೇರಿಸಿಕೊಂಡ ಹುಡುಗರ ತಂಡಕ್ಕೆ ಆವರೆಗಿನ ಅತ್ಯಂತ ದೊಡ್ಡ ಅಂಕ ಬಂದಿತ್ತು. ದೇಶಕ್ಕೇ ನಂಬರ್ ಒನ್. ಆ ಸೆಪ್ಟೆಂಬರ್‌ನಲ್ಲೇ ಅವರು ತಮ್ಮದೇ ಮೈದಾನದಲ್ಲಿ ಅಪಲಾಚಿಯನ್ ಸ್ಟೇಟ್ ಅನ್ನುವ, ಹೆಚ್ಚು ಹೆಸರಿಲ್ಲದ ತಂಡದ ಎದುರು 17–14ರಿಂದ ಸೋತರು. ಸೀಸನ್ ಮುಗಿದಾಗ 5 ಗೆಲುವು, 7 ಸೋಲು. ಮರುವರ್ಷ ನವೆಂಬರ್‌ನಲ್ಲಿ ಕೋಚ್ ಜಿಂಬೊ ಫಿಶರ್ ಅವರನ್ನು ಮನೆಗೆ ಕಳಿಸಿದರು. ಒಪ್ಪಂದದ ಪ್ರಕಾರ ಹಾಗೆ ಕಳಿಸುವುದಕ್ಕೇ 7.5 ಕೋಟಿ ಡಾಲರ್‌ಗೂ ಜಾಸ್ತಿ ಕೊಡಬೇಕಾಯಿತು. ನಮ್ಮ ಲೆಕ್ಕದಲ್ಲಿ 600 ಕೋಟಿ ರೂಪಾಯಿಗೂ ಮೇಲೆ. ಕೆಲಸ ಬಿಟ್ಟು ಹೋಗು ಅನ್ನುವುದಕ್ಕೆ! ಆ ನಂಬರ್ ಒನ್ ಹುಡುಗರಲ್ಲಿ ಎಷ್ಟೋ ಜನ ಬೇರೆ ಕಾಲೇಜುಗಳಿಗೆ ಚದುರಿಹೋದರು.

ಹೀಗೆ ಚದುರುವುದು ಈಗ ಸುಲಭ. 2021ರಿಂದ ಎರಡು ನಿಯಮ ಬದಲಾದವು. ಆಟಗಾರ ಕಾಲೇಜು ಬದಲಿಸಿದರೆ ಮೊದಲಿನ ಹಾಗೆ ಒಂದು ವರ್ಷ ಬೆಂಚ್ ಮೇಲೆ ಕೂರಬೇಕಿಲ್ಲ. ತನ್ನ ಹೆಸರು, ಮುಖ ಬಳಸಿ ಜಾಹೀರಾತಿನ ದುಡ್ಡು ಮಾಡಬಹುದು. 2025ರಿಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಕೊಡುತ್ತಿವೆ. ಮೊದಲ ವರ್ಷಕ್ಕೆ ಕಾಲೇಜಿಗೆ ಸುಮಾರು 2 ಕೋಟಿ ಡಾಲರ್ ಮಿತಿ, ಅದರಲ್ಲಿ ಎಲ್ಲ ಕ್ರೀಡೆಗಳೂ ಸೇರಿದವು. ಮೂರನೆಯವನಾಗಿ ಬೆಂಚ್ ಕಾಯುತ್ತಿದ್ದ ಫೋರ್ ಸ್ಟಾರ್ ಹುಡುಗ ಈಗ ಯಾಕೆ ಕಾಯುತ್ತಾನೆ ಹೇಳಿ? ದೊಡ್ಡ ಕಾಲೇಜುಗಳ ದಾಸ್ತಾನು ತೆಳುವಾಗತೊಡಗಿತು.

ಇದನ್ನು ಚೆನ್ನಾಗಿ ಬಳಸಿಕೊಂಡವರು ಕರ್ಟ್ ಸಿಗ್ನೆಟಿ. ಒಂದು ಕಾಲಕ್ಕೆ ಅಲಬಾಮಾದಲ್ಲಿ ಸೇಬನ್ ಕೈಕೆಳಗೆ ರಿಕ್ರೂಟಿಂಗ್ ನೋಡಿಕೊಳ್ಳುತ್ತಿದ್ದವರು. ಸ್ಟಾರ್ ಪಟ್ಟಿಯ ಒಳಹೊರಗು ಗೊತ್ತಿದ್ದ ಮನುಷ್ಯ. 2023ರ ಕೊನೆಯಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಕೋಚ್ ಆದರು. ಆ ವರ್ಷ ಇಂಡಿಯಾನಾ ಗೆದ್ದಿದ್ದು 3, ಸೋತಿದ್ದು 9. ಬ್ಲೂಮಿಂಗ್ಟನ್ ಊರಿನಲ್ಲಿ ಬ್ಯಾಸ್ಕೆಟ್‌ಬಾಲ್ ಅಂದರೆ ಪ್ರಾಣ, ಫುಟ್‌ಬಾಲ್ ಅಂದರೆ ನಗು. ಸಿಗ್ನೆಟಿ ಹಿಂದಿನ ಕಾಲೇಜು ಜೇಮ್ಸ್ ಮ್ಯಾಡಿಸನ್‌ನಿಂದ ಹತ್ತಕ್ಕೂ ಜಾಸ್ತಿ ಹುಡುಗರನ್ನು ಜೊತೆಗೆ ಕರೆತಂದರು. ಅವರ ಲೆಕ್ಕ ಬೇರೆ. ಹದಿನೇಳರಲ್ಲಿ ಹೇಗೆ ಕಾಣುತ್ತಿದ್ದ ಅನ್ನುವುದು ಬೇಡ, ಕಾಲೇಜು ಮೈದಾನದಲ್ಲಿ ಈಗಾಗಲೇ ಏನು ಮಾಡಿ ತೋರಿಸಿದ್ದಾನೆ ಅದು ಬೇಕು. ಇಪ್ಪತ್ತೆರಡು, ಇಪ್ಪತ್ಮೂರು ವರ್ಷದ, ಮೈ ಬಲಿತ ಆಟಗಾರರು ಸಿಕ್ಕರು. ಇವರಿಗೆಲ್ಲ ಹೈಸ್ಕೂಲಿನಲ್ಲಿ ಸಿಕ್ಕಿದ್ದ ಸ್ಟಾರ್ ಕಮ್ಮಿಯೇ.

ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ ಮಯಾಮಿಯ ಹುಡುಗ. ಹೈಸ್ಕೂಲ್ ಮುಗಿಸುವಾಗ ದೊಡ್ಡವರಾರೂ ಕೇಳಲಿಲ್ಲ. ಯೇಲ್‌ಗೆ ಹೋಗುತ್ತೇನೆ ಅಂದಿದ್ದವನು ಕೊನೆಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸೇರಿ, ಅಲ್ಲಿಂದ ಇಂಡಿಯಾನಾಕ್ಕೆ ಬಂದ. 2025ರಲ್ಲಿ ದೇಶದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ ಅವನಿಗೇ. 2026ರ ಹೊಸ ವರ್ಷದ ದಿನ ಇಂಡಿಯಾನಾ ಅಲಬಾಮಾವನ್ನು 38–3ರಿಂದ ಮುಗಿಸಿತು. ಫೈನಲ್ ನಡೆದದ್ದು ಮೆಂಡೋಜಾನ ಊರಿನಲ್ಲಿ, ಎದುರಾಳಿ ಮಯಾಮಿ ವಿಶ್ವವಿದ್ಯಾಲಯ. ಕೊನೆಯ ಕ್ವಾರ್ಟರ್, ಹತ್ತು ಗಜ ಮುಂದೆ ಸಾಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಕೊನೆಯದು. ಚೆಂಡು ಒದ್ದು ಗಳಿಸುವ ಸುಲಭದ ಮೂರು ಪಾಯಿಂಟ್ ಬೇಡ ಅಂತ ಸಿಗ್ನೆಟಿ ತೀರ್ಮಾನಿಸಿದರು. ಮೆಂಡೋಜಾ ತಾನೇ ಚೆಂಡು ಹಿಡಿದು 12 ಗಜ ನುಗ್ಗಿ, ಹೊಡೆತ ತಿಂದು, ಗೆರೆ ದಾಟಿ ಬಿದ್ದ. 27–21. ಇಂಡಿಯಾನಾ 16ಕ್ಕೆ 16 ಗೆದ್ದು ಚಾಂಪಿಯನ್ ಆಯಿತು. ಬ್ಲೂ ಚಿಪ್ ಲೆಕ್ಕದಲ್ಲಿ ಅದು ಅರ್ಧದ ಹತ್ತಿರಕ್ಕೂ ಬರುವ ತಂಡವಲ್ಲ.

ಹಾಗಂತ ಸ್ಟಾರ್ ಪಟ್ಟಿ ಮುಚ್ಚಿಡಬೇಕಿಲ್ಲ. ಆ ಫೈನಲ್‌ನಲ್ಲಿ ಸೋತ ಮಯಾಮಿ ಬ್ಲೂ ಚಿಪ್ ಗುಂಪಿನದೇ ತಂಡ. ಪಟ್ಟಿ ಮಾಡುವ ಸಂಸ್ಥೆಗಳೂ ಕೈಕಟ್ಟಿ ಕೂತಿಲ್ಲ. ಕಾಲೇಜು ಬದಲಿಸುವ ಆಟಗಾರರಿಗೂ ಬೇರೆಯಾಗಿ ಸ್ಟಾರ್ ಕೊಡುತ್ತಿವೆ. ಇನ್ನು ಮುಂದೆ ಅಭಿಮಾನಿಗಳಿಗೆ ಎಣಿಸುವುದಕ್ಕೆ ಎರಡು ಪಟ್ಟಿ. ನಮಸ್ಕಾರ.