ಪ್ಯಾರಡೈಸ್ ಬೀಚಿಗೇ ನಿಲ್ಲಬೇಡಿ

ಕೇಳುಗರೇ, ನಮಸ್ಕಾರ.

ಬೆನ್ನಿಗೆ ಚೀಲ ಹಾಕಿಕೊಂಡು ಗೋಕರ್ಣದಿಂದ ಕಡಲಂಚಿನಲ್ಲೇ ನಡೆಯುವ ದಾರಿ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ಶನಿವಾರ ಬೆಂಗಳೂರಿನಿಂದ ಬರುವ ಗುಂಪುಗಳು ಇಲ್ಲಿಗೇ ಮುಗಿಸಿ, ಫೋಟೊ ತೆಗೆದು, ವಾಪಸ್ ಹೋಗುತ್ತವೆ. ನನ್ನನ್ನು ಕೇಳಿದರೆ, ಅಲ್ಲಿಂದ ಮುಂದಕ್ಕೆ ನಡೆಯಿರಿ. ತದಡಿಗೆ ಬನ್ನಿ, ಅಘನಾಶಿನಿ ಹೊಳೆ ದಾಟಿ. ಆಚೆ ದಡದಿಂದ ಕಾಗಾಲ, ಬಾಡ ಅಂತ ಕುಮಟಾದವರೆಗೆ ಹೋಗುವ ಕರಾವಳಿ ಇದೆಯಲ್ಲ, ಅಲ್ಲಿ ಜನ ಕಡಿಮೆ, ಅಂಗಡಿ ಕಡಿಮೆ, ನೆರಳಂತೂ ಇನ್ನೂ ಕಡಿಮೆ.

ಇಂಥ ದಾರಿಗೆ ಜೊತೆ ಬೇಕು. ಆದರೆ ಜೊತೆಗೆ ಬರುವವರು ಹಳೇ ಸ್ನೇಹಿತರೇ ಆಗಬೇಕಿಲ್ಲ. ಹುಬ್ಬಳ್ಳಿಯ ಬ್ಯಾಂಕ್ ನೌಕರ, ಮೈಸೂರಿನ ನಿವೃತ್ತ ಮೇಷ್ಟ್ರು, ಓದು ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗಿ, ಹೀಗೆ ಪರಿಚಯವೇ ಇಲ್ಲದವರ ಜೊತೆ ನಾನು ನಡೆದಿದ್ದೇನೆ. ಜಗಳ ಬರೋದು ದುಡ್ಡಿಗಲ್ಲ, ವೇಗಕ್ಕೆ. ಗಟ್ಟಿಮುಟ್ಟಾದವರು ನೀರಿನ ಬಾಟಲಿಗಳನ್ನೆಲ್ಲ ಹೊತ್ತು ಮುಂದೆ ಹೋಗಿಬಿಡುತ್ತಾರೆ, ಹಿಂದಿನವರು ಬಿಸಿಲಲ್ಲಿ ಬಾಯಿ ಒಣಗಿಸಿಕೊಂಡು ಬರುತ್ತಾರೆ. ಹಾಗಾಗಿ ನೀರು ಅವರವರ ಬೆನ್ನ ಮೇಲೇ ಇರಲಿ, ನಿಧಾನಕ್ಕೆ ನಡೆಯುವವರೇ ಮುಂದೆ ಇರಲಿ.

ಇನ್ನೊಂದು, ಏಳುವ ಸಮಯ. ಒಂದು ಕಡಲತೀರಕ್ಕೂ ಇನ್ನೊಂದಕ್ಕೂ ನಡುವೆ ಸಮುದ್ರಕ್ಕೇ ಚಾಚಿಕೊಂಡ ಗುಡ್ಡಗಳು ಸಿಗುತ್ತವೆ. ನೀರಿಳಿದಾಗ ಕೆಲವು ಕಡೆ ಕೆಳಗಿನ ಬಂಡೆಗಳ ಮೇಲೇ ದಾಟಬಹುದು. ಭರತ, ಅಂದರೆ ಕಡಲಿನ ಉಬ್ಬರ, ಬಂದರೆ ಆ ದಾರಿ ಇಲ್ಲ, ಗುಡ್ಡ ಹತ್ತಿಯೇ ಹೋಗಬೇಕು. ಭರತ ದಿನಕ್ಕೆ ಎರಡು ಸಲ ಬರುತ್ತದೆ, ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ಅಮಾವಾಸ್ಯೆ ಹುಣ್ಣಿಮೆ ಹತ್ತಿರ ಇನ್ನೂ ಮೇಲಕ್ಕೆ ಏರುತ್ತದೆ. ನಿನ್ನೆ ಏಳು ಗಂಟೆಗೆ ದಾಟಿದೆವು, ಇವತ್ತೂ ಏಳಕ್ಕೇ ದಾಟೋಣ ಅಂದರೆ ಲೆಕ್ಕ ತಪ್ಪುತ್ತದೆ. ಮೊಬೈಲಿನಲ್ಲಿ ನೋಡಿ, ಬೇಡ ಅನ್ನಲ್ಲ. ಆದರೆ ದಡದಲ್ಲಿ ಬಲೆ ಹೆಣೆಯುತ್ತಾ ಕೂತವರನ್ನೂ ಒಂದು ಮಾತು ಕೇಳಿ, ಅಲ್ವಾ? ಯಾವ ಬಂಡೆ ಪಾಚಿ ಕಟ್ಟಿ ಜಾರುತ್ತದೆ ಅನ್ನೋದು ಮೊಬೈಲಿಗೆ ಗೊತ್ತಿರೋದಿಲ್ಲ.

ತದಡಿಯಲ್ಲಿ ದೋಣಿಗೆ ಕಾಯಬೇಕಾಗಬಹುದು. ಕಾಯಿರಿ. ಆ ಜಾಗದಲ್ಲಿ ಸುಮ್ನೆ ನಿಂತು ನೋಡುವುದೇ ಬೇಕಾದಷ್ಟಿದೆ. ಅಘನಾಶಿನಿ ಶಿರಸಿ ಸೀಮೆಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ದೊಡ್ಡ ಅಣೆಕಟ್ಟು ಯಾವುದೂ ಇಲ್ಲದೆ ಇಲ್ಲಿವರೆಗೆ ಬರುತ್ತದೆ. ಸಿಹಿನೀರು ಉಪ್ಪುನೀರು ಬೆರೆಯುವ ಈ ಅಳಿವೆಗೆ 2024ರಲ್ಲಿ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು. ಪಟ್ಟಿ ಇರಲಿ ಬಿಡಿ. ನೀರಿಳಿದ ಹೊತ್ತಿಗೆ ಹೆಂಗಸರು ಗಂಡಸರು ಹೊಳೆಗಿಳಿದು ಬಳಚು ಅನ್ನೋ ತಿನ್ನುವ ಚಿಪ್ಪು ಆರಿಸುವುದನ್ನು ನೋಡಿ. ಒಳಗಿನ ಗಜನಿ ಅನ್ನೋ ತಗ್ಗು ಗದ್ದೆಗಳಲ್ಲಿ ಕಗ್ಗ ಅನ್ನೋ ಭತ್ತ ಬೆಳೆಯುತ್ತಾರೆ, ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ತಳಿ ಅದು. ಹತ್ತಿರದ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ನಕ್ಷೆಯಲ್ಲಿ ಖಾಲಿ ಖಾಲಿಯಾಗಿ ಕಾಣುವ ಜಾಗವೆಲ್ಲ ಯಾರದ್ದೋ ದುಡಿಮೆಯ ಜಾಗ. ಅದಕ್ಕೇ ಹೇಳೋದು, ಆಗರದ ಬದುವಿನ ಮೇಲೆ ಕೇಳದೆ ನಡೆಯಬೇಡಿ, ಬಲೆ ಒಣಗಿಸುವ ಕಡೆ ಟೆಂಟು ಹಾಕಬೇಡಿ. ರಾತ್ರಿ ಉಳಿಯೋಕೆ ಜಾಗ ಬೇಕಾದರೆ ಕತ್ತಲಾಗುವ ಮುಂಚೆಯೇ ಊರೊಳಗೆ ಹೋಗಿ, "ಅಕ್ಕಾ, ಇಲ್ಲಿ ಉಳಿಯೋಕೆ ಏನಾದ್ರೂ ವ್ಯವಸ್ಥೆ ಇದೆಯಾ?" ಅಂತ ಕೇಳಿ. ಮುರುಗಲು ಪಾನಕ ಕೊಟ್ಟರೆ ಬೇಡ ಅನ್ನಬೇಡಿ, ಆ ಬಿಸಿಲಿಗೆ ಅದೇ ಸರಿ.

ಹೋಗುವುದಾದರೆ ನವೆಂಬರಿನಿಂದ ಫೆಬ್ರವರಿಯೊಳಗೆ ಹೋಗಿ. ಜೂನ್, ಜುಲೈ ಬೇಡವೇ ಬೇಡ. ಯಾಂತ್ರಿಕ ದೋಣಿಗಳೇ ಕಡಲಿಗೆ ಇಳಿಯದ ತಿಂಗಳುಗಳು ಅವು.

ನಡುವೆ ಯಾರಿಗಾದರೂ ಮಂಡಿ ನೋವು ಬರಬಹುದು. ಇಳಿಜಾರು ಮರಳಲ್ಲಿ ಒಂದೇ ಮಗ್ಗುಲಿಗೆ ವಾಲಿಕೊಂಡು ನಡೆದರೆ ಹಾಗಾಗುತ್ತದೆ, ಹಸಿ ಗಟ್ಟಿ ಮರಳಲ್ಲಿ ನಡೆದರೆ ಎಷ್ಟೋ ವಾಸಿ. ಆದರೂ ಸಾಕು ಅಂದವರನ್ನು ಒತ್ತಾಯ ಮಾಡಬೇಡಿ. ಊರಿನ ರಸ್ತೆ ದೂರ ಇರೋದಿಲ್ಲ, ಬಸ್ಸೋ ಆಟೋನೋ ಹಿಡಿದು ಕುಮಟಾಕ್ಕೆ ಹೋಗಲಿ. ಸಂಜೆ ನೀವು ಮರಳು ಕೊಡವಿಕೊಳ್ಳುತ್ತಾ ಪೇಟೆಗೆ ಬರುವಷ್ಟರಲ್ಲಿ ಅವರು ಸ್ನಾನ ಮುಗಿಸಿ, ಮೀನೂಟದ ಹೋಟೆಲಿನಲ್ಲಿ ನಿಮಗೆಲ್ಲ ಜಾಗ ಹಿಡಿದು ಕೂತಿರುತ್ತಾರೆ.