ಬೆಲ್ಲದ ಅಚ್ಚು ಮತ್ತು ಬಿಟ್ಟುಕೊಡದ ಗುಟ್ಟು

ಕೇಳುಗರಿಗೆ ನಮಸ್ಕಾರ.

ಹಿರಿಯ ನಾಗರಿಕರ ರಿಯಾಯಿತಿ ಬೇಕೆಂದು ಒಂದು ಕೌಂಟರಿನ ಮುಂದೆ ನಿಂತಿದ್ದೀರಿ ಅನ್ನಿ. ಒಳಗಿರುವವರಿಗೆ ತಿಳಿಯಬೇಕಾದದ್ದು ಒಂದೇ: 60 ತುಂಬಿದೆಯೋ ಇಲ್ಲವೋ. ನೀವು ಕೊಡುವುದು ಆಧಾರ್ ಜೆರಾಕ್ಸು. ಹೆಸರು, ಫೋಟೊ, ಹುಟ್ಟಿದ ತಾರೀಖು, ಮನೆ ವಿಳಾಸ, 12 ಅಂಕಿಯ ಸಂಖ್ಯೆ, ಎಲ್ಲ ಅದರಲ್ಲಿದೆ. ಹೌದು ಅಥವಾ ಇಲ್ಲ ಎಂಬ ಒಂದು ಮಾತಿಗಾಗಿ ಇಡೀ ಜಾತಕವನ್ನೇ ಬಿಟ್ಟು ಬರುತ್ತೇವೆ.

ಗುಟ್ಟನ್ನು ಹೇಳದೆಯೇ, ಗುಟ್ಟು ನನಗೆ ಗೊತ್ತು ಎಂದು ಎದುರಿಗಿರುವವರನ್ನು ಒಪ್ಪಿಸಬಹುದೇ? ಒಪ್ಪಿಸಬಹುದು ಎಂದು 1985ರಲ್ಲಿ ಗಣಕ ವಿಜ್ಞಾನಿಗಳಾದ ಶಾಫಿ ಗೋಲ್ಡ್‌ವಾಸರ್, ಸಿಲ್ವಿಯೊ ಮಿಕಾಲಿ ಮತ್ತು ಚಾರ್ಲ್ಸ್ ರ‍್ಯಾಕಾಫ್ ತೋರಿಸಿದರು. ಝೀರೋ ನಾಲೆಡ್ಜ್ ಪ್ರೂಫ್ ಎಂದು ಅದಕ್ಕೆ ಹೆಸರು. ನಾವು ಶೂನ್ಯಜ್ಞಾನ ಸಾಕ್ಷ್ಯ ಅನ್ನೋಣ.

ಮಂಡ್ಯದ ಬೆಲ್ಲದ ಮಂಡಿಗೆ ಬನ್ನಿ. ಎರಡು ಅಚ್ಚು ಬೆಲ್ಲ ಮುಂದಿಟ್ಟು ಯಜಮಾನರು ಹೇಳುತ್ತಾರೆ: "ಇದು ಕೂಳೆ ಕಬ್ಬಿಂದು, ಅದು ತನಿ ಕಬ್ಬಿಂದು. ಮೂಸಿದ್ರೆ ಸಾಕು ಸ್ವಾಮಿ, ಹೇಳ್ಬುಡ್ತೀನಿ." ಕೂಳೆ ಅಂದರೆ ಕಡಿದ ಬುಡದಿಂದ ಮತ್ತೆ ಚಿಗುರಿದ ಕಬ್ಬು, ತನಿ ಅಂದರೆ ಹೊಸದಾಗಿ ನೆಟ್ಟದ್ದು. ನಿಮ್ಮ ಕಣ್ಣಿಗೂ ಮೂಗಿಗೂ ಎರಡೂ ಒಂದೇ. ಅಚ್ಚುಗಳನ್ನು ಟವೆಲ್ಲಿನ ಮರೆಗೆ ಒಯ್ಯಿರಿ. ನಾಣ್ಯ ಚಿಮ್ಮಿ. ರಾಜ ಬಿದ್ದರೆ ಎಡಬಲ ಬದಲಿಸಿ, ರಾಣಿ ಬಿದ್ದರೆ ಇದ್ದಂತೆಯೇ ಬಿಡಿ. ಮತ್ತೆ ಮುಂದಿಟ್ಟು, ಬದಲಾಯಿತೋ ಇಲ್ಲವೋ ಎಂದು ಕೇಳಿ. ಅವರದು ಬರೀ ಬುರುಡೆಯಾದರೆ ಒಂದು ಸಲ ಸರಿಯಾಗಲು ಅರ್ಧಕ್ಕರ್ಧ ಅವಕಾಶ. ಸತತ 10 ಸಲ ಸರಿಯಾಗಲು 1,024ರಲ್ಲಿ ಒಂದು. 20 ಸಲಕ್ಕೆ 10,48,576ರಲ್ಲಿ ಒಂದು. ಕೊನೆಗೆ ನೀವು ಒಪ್ಪುತ್ತೀರಿ, ಆದರೆ ಆ ವಾಸನೆಯ ಮರ್ಮ ನಿಮಗೆ ಹತ್ತಿರುವುದಿಲ್ಲ.

ಇದು ಎಲ್ಲಿ ಕೆಡುತ್ತದೆ? ನಾಣ್ಯ ಬಿಟ್ಟು ಮನಸ್ಸಿಗೆ ಬಂದಂತೆ ಬದಲಿಸಿದರೆ ಕೈಗೆ ಒಂದು ಲಯ ಕೂತುಬಿಡುತ್ತದೆ, ಚುರುಕಾದವರು ಅದನ್ನು ಹಿಡಿಯುತ್ತಾರೆ. ಒಂದು ಅಚ್ಚಿನ ಮೂಲೆ ಮುಕ್ಕಾಗಿದ್ದರೆ ಮೂಗಿನ ಅಗತ್ಯವೇ ಇಲ್ಲ. ಇನ್ನೂ ಒಂದು ಸೂಕ್ಷ್ಮವಿದೆ. ಸಾಬೀತಾದದ್ದು ಅಚ್ಚುಗಳು ಬೇರೆ ಬೇರೆ, ಯಜಮಾನರು ಅವನ್ನು ಗುರುತಿಸಬಲ್ಲರು ಎಂಬಷ್ಟೇ. ಒಂದು ಕೂಳೆ ಕಬ್ಬಿನದು ಎಂಬುದು ಸಾಬೀತಾಗಲೇ ಇಲ್ಲ. ಈ ವಿದ್ಯೆಯನ್ನು ಹೊಗಳುವವರು ಹೆಚ್ಚಾಗಿ ಮರೆಯುವುದು ಇದನ್ನೇ.

ಈ ಆಟವನ್ನು ಯಾರೋ ಮೊಬೈಲಿನಲ್ಲಿ ಹಿಡಿದರು ಅನ್ನಿ. ಆ ವಿಡಿಯೊ ಮೂರನೆಯವರಿಗೆ ಸಾಕ್ಷಿಯಾಗದು. ತಪ್ಪಿದ ಊಹೆಗಳನ್ನು ಕತ್ತರಿಸಿ ಹಾಕಿದರೆ ಏನೂ ಗೊತ್ತಿಲ್ಲದವರೂ ಅಂಥದೇ ವಿಡಿಯೊ ಮಾಡಬಹುದು. ಗುಟ್ಟೇ ಇಲ್ಲದೆ ತಯಾರಾಗುವ ವಿಡಿಯೊದಿಂದ ಗುಟ್ಟು ಸೋರುವುದಾದರೂ ಹೇಗೆ? ಶೂನ್ಯಜ್ಞಾನ ಎಂಬುದರ ಗಣಿತದ ವ್ಯಾಖ್ಯೆ ನಿಂತಿರುವುದು ಈ ತರ್ಕದ ಮೇಲೆ.

ಈಗ ಪೆನ್ಸಿಲ್ಲು, ಕಾಗದ ತೆಗೆದುಕೊಳ್ಳಿ, ನಿಧಾನವಾಗಿ ಹೇಳುತ್ತೇನೆ. ಗುಟ್ಟು ಹೇಳದೆ ಒಪ್ಪಿಸುವ ಕೆಲಸವನ್ನು ಬೆಲ್ಲದ ಬದಲು ಸಂಖ್ಯೆಗಳಲ್ಲಿ ಮಾಡೋಣ. 1989ರಲ್ಲಿ ಗಣಿತಜ್ಞ ಕ್ಲಾಸ್ ಶ್ನೋರ್ ಪ್ರಕಟಿಸಿದ ವಿಧಾನವಿದು. ನನ್ನ ಗುಟ್ಟು 7. ಏಳು ಎರಡುಗಳನ್ನು ಗುಣಿಸಿದರೆ 128. 23ರಿಂದ ಭಾಗಿಸಿದರೆ ಶೇಷ 13. ಈ 13 ಊರಿಗೆಲ್ಲ ಗೊತ್ತಿರಲಿ. ನಾನು ಚೀಟಿ ಎತ್ತಿ 5 ಎಂಬ ಸಂಖ್ಯೆ ಆರಿಸುತ್ತೇನೆ, ಅದನ್ನೂ ಮುಚ್ಚಿಡುತ್ತೇನೆ. ಐದು ಎರಡುಗಳ ಗುಣಲಬ್ಧ 32, ಶೇಷ 9. ಆ 9 ನಿಮಗೆ ಕೊಡುತ್ತೇನೆ. ನೀವು ಪ್ರಶ್ನೆಯಾಗಿ 3 ಅನ್ನುತ್ತೀರಿ. ನಾನು ಮೂರೇಳ್ಲ 21ಕ್ಕೆ 5 ಸೇರಿಸಿ, ಬಂದ 26ನ್ನು 11ರಿಂದ ಭಾಗಿಸಿ, ಶೇಷ 4 ಎಂದು ಉತ್ತರಿಸುತ್ತೇನೆ. 11 ಏಕೆಂದರೆ ಇಲ್ಲಿ ಎರಡರ ಘಾತಗಳ ಶೇಷ 11 ಹೆಜ್ಜೆಗೊಮ್ಮೆ ಮರುಕಳಿಸುತ್ತದೆ. ನೀವು ತಾಳೆ ನೋಡಿ: ನಾಲ್ಕು ಎರಡುಗಳ ಗುಣಲಬ್ಧ 16. ಅತ್ತ, ಮೂರು ಹದಿಮೂರುಗಳನ್ನೂ 9ನ್ನೂ ಗುಣಿಸಿದರೆ 19,773. 23ರಿಂದ ಭಾಗಿಸಿದರೆ ಶೇಷ ಅದೇ 16. ನಿಜ ಬಳಕೆಯಲ್ಲಿ 23ರ ಜಾಗಕ್ಕೆ 600ಕ್ಕೂ ಹೆಚ್ಚು ಅಂಕಿಗಳ ಸಂಖ್ಯೆ ಬರುತ್ತದೆ, ಆಗ 13ರಿಂದ 7ಕ್ಕೆ ಹಿಂದಿರುಗುವ ದಾರಿ ಮುಚ್ಚಿಹೋಗುತ್ತದೆ.

ಮುಂದಿನ ಸಲ ಸೋಮಾರಿತನದಿಂದ ಅದೇ 5 ಬಳಸಿದೆ ಅನ್ನಿ. ನೀವು 8 ಕೇಳಿದಿರಿ, ಉತ್ತರ 6 ಬಂತು. ಎರಡು ಪ್ರಶ್ನೆಗಳ ವ್ಯತ್ಯಾಸ 5, ಎರಡು ಉತ್ತರಗಳ ವ್ಯತ್ಯಾಸ 2. 5ನ್ನು ಎಷ್ಟರಿಂದ ಗುಣಿಸಿ 11ರಿಂದ ಭಾಗಿಸಿದರೆ 2 ಉಳಿಯುತ್ತದೆ? ಐದೇಳ್ಲ 35, ಶೇಷ 2. ಗುಟ್ಟು 7 ಬಯಲು! ಸೋನಿಯ ಪ್ಲೇಸ್ಟೇಷನ್ 3 ಎಂಬ ವಿಡಿಯೊ ಆಟದ ಯಂತ್ರದ ಡಿಜಿಟಲ್ ಸಹಿಯ ಗುಟ್ಟನ್ನು 2010ರಲ್ಲಿ ಹೊರಗೆಳೆದದ್ದು ಇಂಥದೇ ತಪ್ಪಿನಿಂದ. ವಿಧಾನ ಸ್ವಲ್ಪ ಬೇರೆ, ಎಡವಟ್ಟು ಒಂದೇ.

ಪ್ರತಿಸಲವೂ ಪ್ರಶ್ನೆ ಕೇಳಲು ಎದುರಿಗೆ ಒಬ್ಬರು ಇರಲಾರರು. ಹ್ಯಾಶ್ ಎಂಬ ಅರೆಯುವ ಲೆಕ್ಕವೊಂದಿದೆ: ಒಂದೇ ಸಾಮಗ್ರಿ ಹಾಕಿದರೆ ಪ್ರತಿಸಲವೂ ಒಂದೇ ಸಂಖ್ಯೆ ಬರುತ್ತದೆ, ಆ ಸಂಖ್ಯೆಯಿಂದ ಸಾಮಗ್ರಿಗೆ ನೇರವಾಗಿ ಹಿಂದಿರುಗಲಾಗದು. ಪ್ರಶ್ನೆಯನ್ನು ಈ ಲೆಕ್ಕದಿಂದಲೇ ಪಡೆಯುವ ಉಪಾಯವನ್ನು 1986ರಲ್ಲಿ ಅಮೋಸ್ ಫಿಯಟ್ ಮತ್ತು ಆದಿ ಶಮೀರ್ ಕೊಟ್ಟರು. ಆ ಒರಳಿಗೆ ಚೀಟಿಯ ಶೇಷ 9ನ್ನು ಮಾತ್ರ ಹಾಕಿದರೆ ಸಾಲದು. ಊರಿಗೆ ಹೇಳಿದ 13, ಸಾಧಿಸಬೇಕಾದ ಮಾತು, ಎಲ್ಲವೂ ಬೀಳಬೇಕು. ಹೀಲಿಯೋಸ್ ಎಂಬ ಇಂಟರ್ನೆಟ್ ಮತದಾನ ವ್ಯವಸ್ಥೆಯಲ್ಲಿ ಹೀಗೆ ಕೆಲವು ಭಾಗ ಹೊರಗುಳಿದದ್ದರಿಂದ ಸುಳ್ಳು ಸಾಕ್ಷ್ಯ ಕಟ್ಟಬಹುದೆಂದು 2012ರಲ್ಲಿ ಸಂಶೋಧಕರು ತೋರಿಸಿದರು.

ಕೌಂಟರಿಗೆ ಹಿಂದಿರುಗೋಣ. ಹುಟ್ಟಿದ ತಾರೀಖನ್ನು ಹ್ಯಾಶ್ ಮಾಡಿ ಇಟ್ಟಿದ್ದೇವೆ, ಭಯವಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 100 ವರ್ಷಕ್ಕೆ ಇರುವುದು ಸುಮಾರು 36,525 ತಾರೀಖು. ಸಾಧಾರಣ ಮೊಬೈಲೂ ಕಣ್ಣುಮಿಟುಕಿಸುವಷ್ಟರಲ್ಲಿ ಎಲ್ಲವನ್ನೂ ಅರೆದು ಹೋಲಿಸುತ್ತದೆ. ತಾರೀಖಿನ ಜೊತೆಗೆ ಊಹೆಗೆ ನಿಲುಕದ ಒಂದು ದೊಡ್ಡ ಸಂಖ್ಯೆಯನ್ನು ಬೆರೆಸಿ ಮುಚ್ಚಬೇಕು. ಆ ಮುಚ್ಚಿದ ಲಕೋಟೆಯ ಮೇಲೆ ಸರ್ಕಾರದ ಡಿಜಿಟಲ್ ಸಹಿ ಬೀಳಬೇಕು, ಇಲ್ಲವಾದರೆ ಕೂಳೆ ಕಬ್ಬಿನ ಕಥೆಯೇ ಆಗುತ್ತದೆ. ಆಮೇಲೆ ಫೋನು ಎರಡು ಮಾತನ್ನು ಸಾಧಿಸುತ್ತದೆ: ಸಹಿ ನಿಜ, ಒಳಗಿನ ತಾರೀಖಿಗೆ 60 ವರ್ಷ ಕಳೆದಿದೆ. ತಾರೀಖು ಹೊರಬರುವುದಿಲ್ಲ.

ಆದರೆ ತಾತನ ಫೋನಿನ ಪಿನ್ನು ಮೊಮ್ಮಗನಿಗೆ ಗೊತ್ತಿದ್ದರೆ ರಿಯಾಯಿತಿ ಅವನಿಗೂ ಸಿಗುತ್ತದೆ. ಫೋನು ಹಿಡಿದ ಕೈ ಯಾರದು ಎಂಬುದನ್ನು ಈ ಗಣಿತ ಕೇಳುವುದೇ ಇಲ್ಲ.

ನಮಸ್ಕಾರ.